ಜೊತೆಯಲ್ಲಿ ದುಡಿಯುವವರೇ ಕಲಿಸುವವರಾದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರಿ ಶಾಲೆಯ ಶಿಕ್ಷಕರಿರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿರಲಿ, ಸಹಕಾರ ಸಂಘದ ಗುಮಾಸ್ತರಿರಲಿ, ನೌಕರಿಗೆ ಸೇರಿದವರಿಗೆ ತರಬೇತಿಗಳ ಕೊರತೆಯೇನೂ ಇಲ್ಲ. ಶಿವಮೊಗ್ಗಕ್ಕೋ ತಾಲ್ಲೂಕು ಕೇಂದ್ರಕ್ಕೋ ಕರೆಸಿಕೊಂಡು ಎರಡು ಮೂರು ದಿನ ಹೇಳಿಕೊಡುತ್ತಾರೆ, ಕೈಪಿಡಿ ಕೊಡುತ್ತಾರೆ, ಹಾಜರಾತಿ ಪಡೆದು ಕಳುಹಿಸುತ್ತಾರೆ. ಆದರೆ ತರಬೇತಿ ಮುಗಿಸಿ ಹೊಸನಗರದ ಒಳಭಾಗದ ಶಾಲೆಯೊಂದಕ್ಕೆ ಹಿಂದಿರುಗಿದ ಶಿಕ್ಷಕಿ, ಕಲಿತದ್ದನ್ನು ತಮ್ಮ ತರಗತಿಯಲ್ಲಿ ಹೇಗೆ ನಡೆಸಿದರು, ಎಲ್ಲಿ ಕೈಬಿಟ್ಟರು, ಏಕೆ ಕೈಬಿಟ್ಟರು ಎಂಬುದನ್ನು ನೋಡುವವರು ಯಾರೂ ಇರುವುದಿಲ್ಲ. ಮೇಲಧಿಕಾರಿಗಳು ಭೇಟಿ ಕೊಡುತ್ತಾರೆ, ನಿಜ. ಆದರೆ ಅಧಿಕಾರಿ ಬಾಗಿಲಲ್ಲಿ ಕಾಣಿಸಿಕೊಂಡ ಕ್ಷಣದಿಂದ ಅದು ಎಂದಿನ ತರಗತಿಯಾಗಿ ಉಳಿಯುವುದಿಲ್ಲ. ಮಕ್ಕಳಿಗೂ ಅದು ಗೊತ್ತು. ಈ ಕೊರತೆಯನ್ನು ತುಂಬಬಲ್ಲವರು ಸಹೋದ್ಯೋಗಿಗಳೇ ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ. ಪಿಯರ್ ಕೋಚಿಂಗ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿರುವ ಈ ಪದ್ಧತಿಯಲ್ಲಿ, ಸಮಾನ ಸ್ಥಾನದಲ್ಲಿರುವ ಇಬ್ಬರು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತ, ಅದರ ಬಗ್ಗೆ ಮಾತನಾಡುತ್ತ, ಪರಸ್ಪರರ ಬೆಳವಣಿಗೆಗೆ ನೆರವಾಗುತ್ತಾರೆ.

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಇಬ್ಬರು ಶಿಕ್ಷಣ ಸಂಶೋಧಕರು 1980ರ ದಶಕದ ಆರಂಭದಲ್ಲಿ ಇದರ ಬಗ್ಗೆ ಬರೆಯತೊಡಗಿದರು. ತರಬೇತಿಯಲ್ಲಿ ಸಿದ್ಧಾಂತವನ್ನು ವಿವರಿಸಿ, ಮಾಡಿ ತೋರಿಸಿ, ಅಭ್ಯಾಸವನ್ನೂ ಮಾಡಿಸಿದ ಮೇಲೆ ಕೂಡ ಶಾಲೆಗೆ ಮರಳಿ ಅದನ್ನು ನಿಜವಾಗಿ ಬಳಸುವವರು ಬಹಳ ಕಡಿಮೆ, ನೂರರಲ್ಲಿ 10 ಮಂದಿಯಷ್ಟೇ ಇರಬಹುದು ಎಂಬುದು ಅವರ ಅಂದಾಜಾಗಿತ್ತು. ಶಿಕ್ಷಕರ ಸೋಮಾರಿತನ ಇದಕ್ಕೆ ಕಾರಣವೆಂದು ಅವರು ಭಾವಿಸಲಿಲ್ಲ. ಹೊಸ ವಿಧಾನವೊಂದು ಕೈಗೆ ಒಗ್ಗುವವರೆಗೆ ಅದು ಹಳೆಯದಕ್ಕಿಂತ ಕಷ್ಟವಾಗಿಯೇ ತೋರುತ್ತದೆ. ಆ ಅಂತರವನ್ನು ದಾಟುವಾಗ ಒಂಟಿಯಾಗಿರುವವರು ಹಳೆಯ ದಾರಿಗೇ ಮರಳುತ್ತಾರೆ. ಅದೇ ಹಂತದಲ್ಲಿರುವ ಇನ್ನೊಬ್ಬ ಶಿಕ್ಷಕರ ಜೊತೆ ಸಿಕ್ಕಿದರೆ ಹೆಚ್ಚಿನವರು ಮುಂದೆ ಸಾಗುತ್ತಾರೆ ಎಂಬುದನ್ನು ಅವರು ಕಂಡುಕೊಂಡರು.

ನಮ್ಮ ರಾಜ್ಯದಲ್ಲಿಯೂ ಶಿಕ್ಷಕರು ಶಿಕ್ಷಕರಿಂದಲೇ ಕಲಿತ ದೊಡ್ಡ ಉದಾಹರಣೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕುಳಿತು ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದ್ದರಿಂದ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿತು. ಮುಂದೆ ಅದು ರಾಜ್ಯದಾದ್ಯಂತ ಹರಡಿತು.

ಈಗ ಇದು ನಡೆಯುವ ಬಗೆಯನ್ನು ನೋಡೋಣ. ತೀರ್ಥಹಳ್ಳಿ ಕಡೆಯ ಎರಡು ಶಾಲೆಗಳ ಇಬ್ಬರು ನಲಿ-ಕಲಿ ಶಿಕ್ಷಕಿಯರು ಜೊತೆಯಾದರು ಎಂದಿಟ್ಟುಕೊಳ್ಳಿ. ಮೊದಲನೆಯವರ ತರಗತಿಗೆ ಎರಡನೆಯವರು ಬರುವ ಮೊದಲು ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಬೇಕು, ಮತ್ತು ಆ ಮಾತಿನಲ್ಲಿ ಏನನ್ನು ನೋಡಬೇಕು ಎಂಬುದನ್ನು ತರಗತಿ ನಡೆಸುವವರೇ ನಿರ್ಧರಿಸಬೇಕು. "ನನ್ನ ಪಾಠ ಹೇಗಿದೆ ನೋಡಿ" ಎಂದು ಕೇಳಿದರೆ ಪ್ರಯೋಜನವಿಲ್ಲ. "ಚೆನ್ನಾಗಿದೆ ಮೇಡಂ" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಅದರ ಬದಲು, "ಒಂದು ಗುಂಪಿನ ಬಳಿ ನಾನು ಕುಳಿತಿರುವಾಗ ಉಳಿದ ಗುಂಪುಗಳ ಮಕ್ಕಳು ಏನು ಮಾಡುತ್ತಾರೆ, ಯಾವ ಮಗು ಎಷ್ಟು ಹೊತ್ತು ಸುಮ್ಮನೆ ಕಾಯುತ್ತದೆ, ಅದನ್ನಷ್ಟೇ ಬರೆದುಕೊಳ್ಳಿ" ಎಂದು ಕೇಳಬೇಕು. ನೋಡುವವರು ಹಿಂದೆ ಕುಳಿತು ಕಂಡದ್ದನ್ನು ಮಾತ್ರ ಬರೆಯಬೇಕು. "ಕಿಟಕಿಯ ಪಕ್ಕದ ಹುಡುಗ ಕಾರ್ಡು ಮುಗಿಸಿ ಎಂಟು ನಿಮಿಷ ಕೈಕಟ್ಟಿ ಕುಳಿತಿದ್ದ" ಎಂಬುದು ಕಂಡದ್ದು. "ಆ ಹುಡುಗನ ಕಡೆ ನಿಮ್ಮ ಗಮನ ಸಾಲದು" ಎಂಬುದು ತೀರ್ಪು. ಈ ಎರಡರ ನಡುವಿನ ಗೆರೆಯನ್ನು ಕಾಯುವುದರಲ್ಲಿಯೇ ಇಡೀ ಪದ್ಧತಿಯ ಜೀವವಿದೆ ಎಂದು ನಾನು ನಂಬಿದ್ದೇನೆ.

ತರಗತಿ ಮುಗಿದ ಮೇಲಿನ ಮಾತುಕತೆಯಲ್ಲಿ ನೋಡಿದವರು ತಾವು ಬರೆದದ್ದನ್ನು ಮುಂದಿಟ್ಟು ಸುಮ್ಮನಿರಬೇಕು. ಬಹಳ ಸಲ ತರಗತಿ ನಡೆಸಿದವರೇ "ಅಯ್ಯೋ, ಅವನು ಬೇಗ ಮುಗಿಸುತ್ತಾನೆಂದು ಗೊತ್ತಿದ್ದರೂ ಮುಂದಿನ ಕಾರ್ಡನ್ನು ನಾನೇ ಕೊಡಬೇಕೆಂದು ಕಾಯಿಸುತ್ತಿದ್ದೇನಲ್ಲ" ಎಂದು ಕಾರಣವನ್ನು ಹುಡುಕಿಕೊಳ್ಳುತ್ತಾರೆ. ಹಾಗೆ ಹೊಳೆಯದಿದ್ದರೆ "ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು?", "ನಾಳೆ ಒಂದನ್ನೇ ಬದಲಿಸುವುದಾದರೆ ಯಾವುದನ್ನು ಬದಲಿಸುತ್ತೀರಿ?" ಎಂಬಂತಹ ಪ್ರಶ್ನೆಗಳು ನೆರವಿಗೆ ಬರುತ್ತವೆ. ನಾವೇ ಕಂಡುಕೊಂಡ ದೋಷವನ್ನು ತಿದ್ದಿಕೊಳ್ಳುವಷ್ಟು ಮನಃಪೂರ್ವಕವಾಗಿ, ಬೇರೆಯವರು ತೋರಿಸಿದ ದೋಷವನ್ನು ಯಾರೂ ತಿದ್ದಿಕೊಳ್ಳುವುದಿಲ್ಲ.

ಜಾಯ್ಸ್ ಮತ್ತು ಶವರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ಸಹೋದ್ಯೋಗಿಗಳು ಒಬ್ಬರಿಗೊಬ್ಬರು ಅಭಿಪ್ರಾಯ ಹೇಳುವುದನ್ನೇ ಕೈಬಿಡಬೇಕೆಂದು ಬರೆದರು. ಏಕೆಂದರೆ ಅಭಿಪ್ರಾಯ ಹೇಳತೊಡಗಿದ ಕೂಡಲೇ ಶಿಕ್ಷಕರು ಅರಿವಿಲ್ಲದೆಯೇ ಮೇಲ್ವಿಚಾರಕರಾಗಿಬಿಡುತ್ತಿದ್ದರು. ಪಾಠ ಮಾಡುತ್ತಿರುವವರೇ ಕಲಿಸುವವರು, ನೋಡುತ್ತ ಕುಳಿತವರೇ ಕಲಿಯುವವರು ಎಂದು ಅವರು ಪಾತ್ರಗಳನ್ನು ತಿರುಗಿಸಿದರು. ಅಭಿಪ್ರಾಯವನ್ನು ಪೂರ್ತಿಯಾಗಿ ಬಿಡಬೇಕೆಂಬುದನ್ನು ನಾನು ಒಪ್ಪಲಾರೆ; ಕೇಳಿದಾಗಲೂ ಹೇಳದಿರುವುದು ನಮ್ಮವರ ನಡುವೆ ಕೊಂಕಾಗಿ ಕಾಣುತ್ತದೆ. ಆದರೆ ನೋಡುವವರೇ ಹೆಚ್ಚು ಕಲಿಯುತ್ತಾರೆ ಎಂಬ ಮಾತು ಪೂರ್ಣ ಸತ್ಯ. ನಾಟಿಯ ದಿನಗಳಲ್ಲಿ ನಮ್ಮ ಮಲೆನಾಡಿನ ಊರುಗಳಲ್ಲಿ ಕೆಲಸಕ್ಕೆ ಬದಲು ಕೆಲಸವೆಂದು ಮುಯ್ಯಾಳಾಗಿ ಹೋಗುವವರು ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವಾಗಲೇ ತಮ್ಮ ಗದ್ದೆಗೆ ಬೇಕಾದ ಹತ್ತು ಸಂಗತಿಗಳನ್ನು ಗಮನಿಸಿಕೊಂಡು ಬರುವ ಹಾಗೆ, ಸಹೋದ್ಯೋಗಿಯ ಕೆಲಸವನ್ನು ನೋಡಲು ಹೋದವರು ತಮ್ಮ ಕೆಲಸವನ್ನೇ ಹೊಸದಾಗಿ ನೋಡಲು ಕಲಿತು ಬರುತ್ತಾರೆ.

ಇದು ಶಾಲೆಗಷ್ಟೇ ಸೀಮಿತವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ಭಯ ಇಂದಿಗೂ ಪ್ರತಿ ಬೇಸಿಗೆಯಲ್ಲಿ ನಮ್ಮ ಕಾಡಂಚಿನ ಮನೆಗಳಿಗೆ ಇದೆ. ಕಾಡಿಗೆ ಹೋಗುವವರು ಈ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ, ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು, ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದನ್ನು ಮನೆಮನೆಗೆ ಹೋಗಿ ಹೇಳುವ ಆರೋಗ್ಯ ಕಾರ್ಯಕರ್ತೆಗೆ ಮಾಹಿತಿ ಗೊತ್ತಿರುತ್ತದೆ. ಕಷ್ಟವಿರುವುದು ಹಿರಿಯರೊಬ್ಬರು "ಇಷ್ಟು ವರ್ಷ ಕಾಡಿಗೆ ಹೋಗಿದ್ದೇನೆ, ನನಗೇನಾಗಿದೆ?" ಎಂದಾಗ ಮುಂದೆ ಏನು ಹೇಳಬೇಕು ಎಂಬುದರಲ್ಲಿ. ಅಂತಹ ಮನೆಗೆ ಇಬ್ಬರು ಕಾರ್ಯಕರ್ತೆಯರು ಒಟ್ಟಿಗೆ ಹೋಗಿ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಮನೆಯವರ ಮುಖ ಯಾವ ಮಾತಿಗೆ ಬಿಗಿಯಾಯಿತು, ಯಾವ ಮಾತಿಗೆ ಸಡಿಲವಾಯಿತು ಎಂಬುದನ್ನು ಗಮನಿಸಿದರೆ, ಹಿಂದಿರುಗುವ ದಾರಿಯಲ್ಲಿ ಅವರ ನಡುವೆ ನಡೆಯುವ ಮಾತು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ.

ವೃತ್ತಿಯ ಜೊತೆಗೆ ವ್ಯಕ್ತಿಯೂ ಬೆಳೆಯುತ್ತಾನೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೇಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಸಾಮಾನ್ಯ ವೈದ್ಯರ ಸಣ್ಣ ಗುಂಪುಗಳನ್ನು ಕೂಡಿಸಿ, ತಮ್ಮನ್ನು ಕಾಡುತ್ತಿರುವ ರೋಗಿಗಳ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವಂತೆ ಮಾಡಿದರು. ಔಷಧಿಯ ಚರ್ಚೆಗಿಂತ, ಆ ರೋಗಿಯ ಎದುರು ವೈದ್ಯರಿಗೆ ಸಿಟ್ಟೇಕೆ ಬರುತ್ತದೆ, ಬೇಸರವೇಕೆ ಆಗುತ್ತದೆ ಎಂಬ ಮಾತುಗಳಿಗೆ ಅಲ್ಲಿ ಜಾಗವಿತ್ತು. ನಮ್ಮ ಕಚೇರಿಗಳಲ್ಲಿ ಇಂತಹ ಮಾತಿಗೆ ಜಾಗವೇ ಇಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕೌಂಟರಿನ ಎದುರು ದಿನವಿಡೀ ಜನರ ಸಿಟ್ಟನ್ನು ನುಂಗಿಕೊಳ್ಳುವ ನೌಕರನಿಗೆ ವಾರಕ್ಕೊಮ್ಮೆಯಾದರೂ ಅದನ್ನು ಕೇಳಿಸಿಕೊಳ್ಳುವ ಸಹೋದ್ಯೋಗಿ ಇದ್ದರೆ, ಅವನು ಮನೆಗೆ ಹೊತ್ತೊಯ್ಯುವ ಭಾರ ಕಡಿಮೆಯಾಗುತ್ತದೆ.

ಆದರೆ ಇದಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಇಬ್ಬರ ನಡುವೆ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಸಣ್ಣ ಊರುಗಳಲ್ಲಿ ಮಾತು ಬೇಗ ಹರಡುತ್ತದೆ. ತರಗತಿಯಲ್ಲಿ ಕಂಡ ಕೊರತೆ ಸಂಜೆ ಬಸ್ಸಿನಲ್ಲಿ ಚರ್ಚೆಯಾದರೆ ಆ ಜೋಡಿ ಅಲ್ಲಿಗೆ ಮುಗಿಯಿತು. ಹಾಗೆಯೇ ಅಧಿಕಾರಿಗಳು ಇದರ ವರದಿ ಕೇಳಬಾರದು, ವಾರ್ಷಿಕ ಮೌಲ್ಯಮಾಪನಕ್ಕೆ ಇದನ್ನು ಜೋಡಿಸಬಾರದು. ಅವರು ಕೊಡಬೇಕಾದದ್ದು ಸಮಯವನ್ನು ಮಾತ್ರ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಅರ್ಧವನ್ನು ಈ ಜೋಡಿಗಳಿಗೆ ಬಿಟ್ಟುಕೊಟ್ಟರೆ ಸಾಕು.

ಒಬ್ಬರೇ ಶಿಕ್ಷಕರಿರುವ ಶಾಲೆಯವರು ಇನ್ನೊಂದು ಶಾಲೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಕಡೆ ಅದು ಇನ್ನೂ ಕಠಿಣ. ಅಂತಹವರು ತಮ್ಮ ಪಾಠದ ಹತ್ತು ನಿಮಿಷದ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಸಭೆಯ ದಿನ ಜೊತೆಗಾರರೊಡನೆ ಕುಳಿತು ಕೇಳಬಹುದು, ಕೇಳಿಯಾದ ಮೇಲೆ ಅದನ್ನು ಅಳಿಸಿಬಿಡಬಹುದು. ತಾವು ಪ್ರಶ್ನೆ ಕೇಳಿದ ಮೇಲೆ ಮಗುವಿನ ಉತ್ತರಕ್ಕಾಗಿ ಎಷ್ಟು ಹೊತ್ತು ಕಾದೆವು ಎಂಬ ಒಂದೇ ಅಂಶವನ್ನು ಗುರುತು ಹಾಕಿಕೊಳ್ಳುವುದು ಮೊದಲ ಸಲಕ್ಕೆ ಸಾಕಷ್ಟು ಕೆಲಸ.

ನಮಸ್ಕಾರ.