ಮನೆ, ದೋಣಿ, ಬಲೆ, ಬಟ್ಟೆ: ತೆರೆಂಗಾನು ಮ್ಯೂಸಿಯಂ ನೋಡುವುದು ಹೇಗೆ

ಎಲ್ಲರಿಗೂ ನಮಸ್ಕಾರ. ಮಲೇಷ್ಯಾ ಅಂದ ತಕ್ಷಣ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಕ್ವಾಲಾಲಂಪುರದ ಅವಳಿ ಗೋಪುರ. ಇನ್ನೂ ಸ್ವಲ್ಪ ಸುತ್ತಿ ಬಂದವರು ಪೆನಾಂಗ್, ಲಂಕಾವಿ ಅಂತಾರೆ. ಅವೆಲ್ಲ ಪಶ್ಚಿಮದ ಕಡೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಪೂರ್ವ ಕರಾವಳಿಯ ಬಗ್ಗೆ, ದಕ್ಷಿಣ ಚೀನಾ ಸಮುದ್ರಕ್ಕೆ ಮುಖ ಮಾಡಿ ಕೂತಿರುವ ತೆರೆಂಗಾನು ರಾಜ್ಯದ ಬಗ್ಗೆ. ಅದರ ರಾಜಧಾನಿ ಕ್ವಾಲಾ ತೆರೆಂಗಾನು. ಊರಿನಿಂದ ಸ್ವಲ್ಪ ಆಚೆ, ಲೊಸೊಂಗ್ ಅನ್ನುವಲ್ಲಿ, ನದಿಯ ಪಕ್ಕ ರಾಜ್ಯದ ಮ್ಯೂಸಿಯಂ ಇದೆ. 1996ರಲ್ಲಿ ತೆರೆದದ್ದು. ಎತ್ತರದ ಕಂಬಗಳ ಮೇಲೆ ನಿಂತ ಕಡಿದಾದ ಮಾಡಿನ ಕಟ್ಟಡಗಳು. ಹಳೆಯ ಮಲಯ್ ಮನೆಯ ರೂಪವನ್ನೇ ಭಾರಿ ಅಳತೆಗೆ ಹಿಗ್ಗಿಸಿ ಕಟ್ಟಿದ್ದಾರೆ.

ಒಳಗೆ ಹೋದರೆ ಎಲ್ಲ ಮ್ಯೂಸಿಯಂಗಳ ಹಾಗೆ ವಿಭಾಗಗಳು. ಬಟ್ಟೆಗೆ ಒಂದು, ಕರಕುಶಲಕ್ಕೆ ಒಂದು, ಮೀನುಗಾರಿಕೆಗೆ ಒಂದು. ಹೊರಗೆ ಅಂಗಳದಲ್ಲಿ ಹಳೆಯ ಮರದ ಮನೆಗಳು, ದೊಡ್ಡ ಹಾಯಿದೋಣಿಗಳು. ಜನ ಒಂದೊಂದನ್ನೇ ನೋಡಿ, ಫೋಟೋ ತೆಗೆದು, ಮುಂದೆ ಹೋಗುತ್ತಾರೆ. ನನ್ನ ಮಾತು ಇಷ್ಟೇ: ಇವನ್ನು ಬೇರೆ ಬೇರೆ ಅಂತ ನೋಡಿದರೆ ಏನೂ ನೋಡಿದ ಹಾಗಾಗುವುದಿಲ್ಲ. ಆ ಮನೆ, ಆ ದೋಣಿ, ಆ ಬುಟ್ಟಿ, ಆ ಜರಿ ಬಟ್ಟೆ ನಾಲ್ಕೂ ಒಂದೇ ಬದುಕಿನವು. ಒಂದೇ ಕಾಡಿನ ಮರ, ಒಂದೇ ಸಮುದ್ರ, ಒಂದೇ ಮಳೆಗಾಲ. ಗ್ಯಾಲರಿಗಳ ನಡುವಿನ ಗೋಡೆಯನ್ನು ಮನಸ್ಸಿನಲ್ಲೇ ಕೆಡವಿಕೊಂಡು ನೋಡಬೇಕು.

ಮಳೆಯಿಂದಲೇ ಶುರು ಮಾಡೋಣ. ನಮ್ಮ ಕರಾವಳಿಗೆ ಜೂನ್‌ನಲ್ಲಿ ಮಳೆ ಬಂದರೆ ಅವರಿಗೆ ನವೆಂಬರ್‌ನಲ್ಲಿ. ಈಶಾನ್ಯದ ಗಾಳಿ ಎದ್ದರೆ ಜನವರಿ, ಫೆಬ್ರವರಿವರೆಗೂ ಸಮುದ್ರ ಮುಚ್ಚಿದ ಹಾಗೆ. ಸಣ್ಣ ದೋಣಿ ಇಳಿಸುವ ಮಾತೇ ಇಲ್ಲ. ನದಿಗಳು ಉಕ್ಕಿ ಊರಿಗೆ ನುಗ್ಗುತ್ತವೆ. ಮೀನು ಹಿಡಿದೇ ಬದುಕುವ ಊರುಗಳಲ್ಲಿ ವರ್ಷಕ್ಕೆ ಮೂರ್ನಾಲ್ಕು ತಿಂಗಳು ಸಮುದ್ರದ ದುಡಿಮೆ ನಿಂತರೆ ಆ ಮನೆಗಳು ಏನು ಮಾಡಬೇಕು? ಬಲೆ ರಿಪೇರಿ, ದೋಣಿ ರಿಪೇರಿ, ನೇಯ್ಗೆ, ಬುಟ್ಟಿ ಹೆಣೆಯುವುದು. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟಿರುವ ಎಷ್ಟೋ ವಸ್ತುಗಳ ಹಿಂದೆ ಈ ಸಮುದ್ರ ಮುಚ್ಚಿದ ತಿಂಗಳುಗಳಿವೆ. ವಿವರಣೆಯ ಚೀಟಿಯಲ್ಲಿ ವಸ್ತುವಿನ ಹೆಸರು, ಊರು ಇರುತ್ತದೆ. ಯಾವ ತಿಂಗಳ ಕೆಲಸ ಅನ್ನುವುದನ್ನೂ ಒಂದು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಈಗ ಮನೆಗೆ ಬರೋಣ. ಮನೆ ನೆಲದಿಂದ ಮೇಲೆ, ಕಂಬಗಳ ಮೇಲೆ ನಿಂತಿರುತ್ತದೆ. ಕಂಬಗಳನ್ನು ನೆಲದಲ್ಲಿ ಹೂತಿರುವುದಿಲ್ಲ, ಒಂದೊಂದು ಕಲ್ಲಿನ ಮೇಲೆ ಕೂರಿಸಿರುತ್ತಾರೆ. ಹಾಗಾಗಿ ಬುಡಕ್ಕೆ ತೇವ ಹತ್ತುವುದು ಕಮ್ಮಿ. ಮರ ಹೆಚ್ಚಾಗಿ ಚೆಂಗಾಲ್, ಮಲಯ್ ಕಾಡಿನ ಅತಿ ಗಟ್ಟಿ ಮರಗಳಲ್ಲಿ ಒಂದು. ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಹತ್ತಿರ ಹೋಗಿ ತೊಲೆ ಕಂಬ ಸೇರುವ ಜಾಗವನ್ನು ನೋಡಿ. ಮೊಳೆ ಇಲ್ಲ. ಕಂಬದಲ್ಲಿ ಚೌಕ ತೂತು ಕೊರೆದು, ತೊಲೆಯ ತುದಿಯನ್ನು ಅದರೊಳಗೆ ತೂರಿಸಿ, ಉಳಿದ ಸಂದಿಗೆ ಮರದ ಬೆಣೆ ಹೊಡೆದಿರುತ್ತಾರೆ. ಗೋಡೆಯ ಹಲಗೆಗಳೂ ಹಾಗೇ, ಸುತ್ತಲಿನ ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಕೂತಿರುತ್ತವೆ. ಬೆಣೆ ತಟ್ಟಿ ತೆಗೆದರೆ ಇಡೀ ಮನೆ ಬಿಚ್ಚಿಕೊಳ್ಳುತ್ತದೆ. ಮಗಳಿಗೆ ಮನೆ ಕೊಡಬೇಕಾದರೆ, ಜಾಗ ಮಾರಬೇಕಾದರೆ, ನದಿ ದಡ ಕೊರೆದರೆ, ಮನೆಯನ್ನೇ ಬಿಚ್ಚಿ ಬೇರೆ ಕಡೆ ಕಟ್ಟಿಕೊಳ್ಳಬಹುದು. ಹತ್ತಿರದಲ್ಲೇ ಸಾಗಿಸುವುದಾದರೆ ಬಿಚ್ಚುವುದೂ ಬೇಡ, ಊರವರೆಲ್ಲ ಸೇರಿ ಇಡೀ ಮನೆಯನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು.

ಈ ಅಂಗಳದ ಮನೆಗಳು ಇಲ್ಲಿಗೆ ಬಂದದ್ದೂ ಅದೇ ದಾರಿಯಲ್ಲಿ, ಬಿಚ್ಚಿಸಿಕೊಂಡು. ತೆರೆಂಗಾನುವಿನಲ್ಲಿ 1884ರಲ್ಲಿ ಕಟ್ಟಿದ ಸುಲ್ತಾನರ ಒಂದು ಮರದ ಅರಮನೆ 1970ರ ದಶಕದಲ್ಲಿ ಹೀಗೇ ಕ್ವಾಲಾಲಂಪುರಕ್ಕೆ ಹೋಗಿ ರಾಷ್ಟ್ರೀಯ ಮ್ಯೂಸಿಯಂನ ಅಂಗಳ ಸೇರಿತು. ಮ್ಯೂಸಿಯಂಗೆ ತಂದರು ಅಂದರೆ ಬೇರು ಕಿತ್ತು ತಂದರು ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ ಅಲ್ವಾ? ಈ ಮನೆಗಳ ವಿಷಯದಲ್ಲಿ ನನಗೆ ಹಾಗೆ ಅನ್ನಿಸುವುದಿಲ್ಲ. ಜಾಗ ಬದಲಿಸುವುದು ಅವುಗಳ ಸ್ವಭಾವದಲ್ಲೇ ಇದೆ.

ಮಾಡಿಗೆ ನೀಪಾ ತಾಳೆಯ ಗರಿ, ಇಲ್ಲವೇ ಸಿಂಗೋರಾ ಅನ್ನುವ ತೆಳು ಹಂಚು. ಮಾಡು ಕಡಿದಾಗಿರುವುದು ಆ ಸುರಿಯುವ ಮಳೆಗೆ. ಗೋಡೆಯ ಮೇಲ್ಭಾಗದಲ್ಲಿ ಬಳ್ಳಿ ಹೂವಿನ ಕೆತ್ತನೆಯ ಜಾಲರಿ. ಅದನ್ನು ಬರೀ ಅಲಂಕಾರ ಅಂದುಕೊಳ್ಳಬೇಡಿ, ಬಿಸಿ ಗಾಳಿ ಹೊರಗೆ ಹೋಗುವ ದಾರಿ ಅದೇ. ಇನ್ನು ಮನೆಯ ಕೆಳಗಿನ ಖಾಲಿ ಜಾಗ. ಪ್ರವಾಸಿಗರು ಅದನ್ನು ಗಮನಿಸುವುದೇ ಇಲ್ಲ. ನೆರೆ ನೀರು ಹಾದು ಹೋಗುವುದು ಅಲ್ಲಿ, ಹಗಲಲ್ಲಿ ತಂಪು ಸಿಗುವುದು ಅಲ್ಲಿ, ಬಲೆ ಹುಟ್ಟುಗಳನ್ನು ಇಡುವುದು ಅಲ್ಲಿ. ಎಷ್ಟೋ ಮನೆಗಳಲ್ಲಿ ಮಗ್ಗ ಹಾಕುತ್ತಿದ್ದದ್ದೂ ಅಲ್ಲೇ. ಬಟ್ಟೆ ವಿಭಾಗದಲ್ಲಿ ಹೊಳೆಯುವ ಸೊಂಗ್ಕೆಟ್ ಅನ್ನು ನೋಡುವಾಗ ಅದರ ಪಕ್ಕದಲ್ಲಿ ಬಲೆಯ ರಾಶಿ, ಕೋಳಿಗಳು, ತೂಗುತ್ತಿರುವ ಮಗುವಿನ ಜೋಲಿ ಎಲ್ಲವನ್ನೂ ಸೇರಿಸಿ ಕಲ್ಪಿಸಿಕೊಳ್ಳಿ.

ಸೊಂಗ್ಕೆಟ್ ಅಂದರೆ ರೇಷ್ಮೆ ಅಥವಾ ಹತ್ತಿಯ ನೆಲದ ಮೇಲೆ ಚಿನ್ನದ, ಬೆಳ್ಳಿಯ ಜರಿಯನ್ನು ಹೆಚ್ಚುವರಿ ಹೊಕ್ಕಾಗಿ ಸೇರಿಸಿ ನೇಯುವ ಬಟ್ಟೆ. ಮಗ್ಗಕ್ಕೆ ಅಲ್ಲಿ ಕೆಕ್ ಅನ್ನುತ್ತಾರೆ. ಚಿತ್ರ ಮೂಡಿಸಲು ಬಳಸುವ ಮುಖ್ಯ ಸಾಧನ ಯಾವುದು ಗೊತ್ತಾ? ತೆಂಗಿನ ಗರಿಯ ಕಡ್ಡಿ. ಹಾಸಿನ ಎಳೆಗಳನ್ನು ಎಣಿಸುತ್ತಾ, ಇಂತಿಷ್ಟು ಮೇಲೆ ಇಂತಿಷ್ಟು ಕೆಳಗೆ ಅಂತ ಕಡ್ಡಿ ತೂರಿಸುತ್ತಾ ಹೋಗುತ್ತಾರೆ. ಚಿತ್ರದ ಒಂದೊಂದು ಸಾಲಿಗೂ ಒಂದೊಂದು ಎಣಿಕೆ. ಆ ಎಣಿಕೆಯನ್ನು ದಾರದ ಕುಣಿಕೆಗಳಲ್ಲಿ ಕಟ್ಟಿಟ್ಟುಕೊಂಡರೆ ಮುಂದೆ ಕುಣಿಕೆ ಎತ್ತಿದ ತಕ್ಷಣ ಬೇಕಾದ ಎಳೆಗಳಷ್ಟೇ ಮೇಲೇಳುತ್ತವೆ, ಜರಿಯ ಲಾಳಿ ಆ ಸಂದಿಯಲ್ಲಿ ಓಡುತ್ತದೆ. ಬಿದಿರಿನ ಕಳಲೆಯ ಸಾಲು, ರಂಜದ ಹೂವು, ಇಂಥವೇ ಚಿತ್ರಗಳು. ಒಂದು ಒಳ್ಳೆಯ ಬಟ್ಟೆಗೆ ತಿಂಗಳುಗಳೇ ಹಿಡಿಯುತ್ತವೆ. ಅರಮನೆಯವರು, ಮದುವೆಯ ಗಂಡು ಹೆಣ್ಣು ಉಡುತ್ತಿದ್ದ ಬಟ್ಟೆ ಇದು. ನೇಯುತ್ತಿದ್ದವರು ಹಳ್ಳಿಯ ಹೆಂಗಸರು. 2021ರಲ್ಲಿ ಯುನೆಸ್ಕೋ ಮಲೇಷ್ಯಾದ ಸೊಂಗ್ಕೆಟ್ ಅನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂಬಾ ಸಂತೋಷದ ವಿಷಯ. ಆದರೆ ಪಟ್ಟಿಗೆ ಸೇರಿದ್ದಕ್ಕೆ ನೇಯುವವರ ಕೈಗೆ ಬರುವ ದುಡ್ಡು ಜಾಸ್ತಿಯಾಗಬೇಕು, ಅದು ತಾನಾಗಿಯೇ ಆಗುವುದಿಲ್ಲ.

ಅದೇ ಹೆಂಗಸರು ಕೇದಗೆ ಜಾತಿಯ ಮೆಂಗ್‌ಕುವಾಂಗ್ ಎಲೆಯಿಂದ ಚಾಪೆ, ಬುಟ್ಟಿ ಹೆಣೆಯುತ್ತಾರೆ. ಅಂಚಿನ ಮುಳ್ಳು ತೆಗೆದು, ಸಮ ಅಗಲಕ್ಕೆ ಸೀಳಿ, ನೀರಲ್ಲಿ ನೆನೆಹಾಕಿ, ಒಣಗಿಸಿ, ಬಣ್ಣದಲ್ಲಿ ಕುದಿಸಿ ಆಮೇಲೆ ಹೆಣಿಗೆ. ಊಟದ ಮೇಲೆ ಮುಚ್ಚುವ ಶಂಕುವಿನಾಕಾರದ ಮುಚ್ಚಳ ಇದೆಯಲ್ಲ, ಅದರಲ್ಲಿ ಎಳೆಗಳು ಮೂರು ದಿಕ್ಕಿನಿಂದ ಬಂದು ಸೇರುತ್ತವೆ. ಹಾಗಾಗಿ ನಕ್ಷತ್ರ, ಹೂವು, ಘನ ಚೌಕದಂಥ ಚಿತ್ರಗಳು ಏಳುತ್ತವೆ. ನೋಡುತ್ತಾ ನಿಂತರೆ ಕಾಲು ಕದಲುವುದಿಲ್ಲ.

ಈಗ ದೋಣಿ. ಅಂಗಳದಲ್ಲಿ ಸಬಾರ್, ಸೆಕಾಯು ಅನ್ನುವ ಎರಡು ದೊಡ್ಡ ಹಾಯಿದೋಣಿಗಳಿವೆ. ಇಂಥವನ್ನು ಕಟ್ಟುವುದರಲ್ಲಿ ನದಿಯ ಮುಖದಲ್ಲಿರುವ ಪುಲಾವ್ ಡುಯೋಂಗ್ ಎಂಬ ದ್ವೀಪದ ಕುಶಲಿಗರದು ದೊಡ್ಡ ಹೆಸರು. ಅವರ ಬಳಿ ಕಾಗದದ ಮೇಲೆ ನಕ್ಷೆ ಅಂತ ಇರುತ್ತಿರಲಿಲ್ಲ, ಎಲ್ಲ ಕಣ್ಣಳತೆ, ಕೈಯಳತೆ. ಮೊದಲು ಪಕ್ಕೆಲುಬಿನಂಥ ಚೌಕಟ್ಟು ಮಾಡಿ ಅದರ ಮೇಲೆ ಹಲಗೆ ಹೊಡೆಯುವುದು ಯುರೋಪಿನ ಪದ್ಧತಿ. ಇವರದು ಉಲ್ಟಾ. ಅಡಿಮರದಿಂದ ಶುರುಮಾಡಿ ಹಲಗೆಯ ಮೇಲೆ ಹಲಗೆ ಕೂರಿಸುತ್ತಾ ದೋಣಿಯ ಹೊರಮೈ ಮೊದಲು ಎಬ್ಬಿಸುತ್ತಾರೆ, ಪಕ್ಕೆಲುಬು ಆಮೇಲೆ. ಹಲಗೆಯನ್ನು ಬೆಂಕಿಯ ಮೇಲೆ ಹಿಡಿದು ನಿಧಾನಕ್ಕೆ ಬಗ್ಗಿಸುತ್ತಾರೆ. ಹಲಗೆಯ ಅಂಚಿನ ದಪ್ಪದೊಳಗೆ ತೂತು ಕೊರೆದು ಗಟ್ಟಿ ಮರದ ಕೀಲುಗಳನ್ನು ನಿಲ್ಲಿಸುತ್ತಾರೆ. ಆ ಅಂಚಿನ ಉದ್ದಕ್ಕೂ ಗೆಲಾಮ್ ಮರದ ತೊಗಟೆ ಹಾಸುತ್ತಾರೆ. ಕಾಗದದ ಪದರಗಳ ಹಾಗೆ ಸುಲಿಯುವ ಮೆತ್ತನೆ ತೊಗಟೆ ಅದು. ಮೇಲಿನ ಹಲಗೆಯನ್ನು ಕೀಲುಗಳಿಗೆ ಸರಿಯಾಗಿ ಇಳಿಸಿ, ಬಡಿದು ಕೂರಿಸುತ್ತಾರೆ. ದೋಣಿ ನೀರಿಗಿಳಿದ ಮೇಲೆ ಮರವೂ ತೊಗಟೆಯೂ ಉಬ್ಬಿ ಸಂದಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಮನೆಯ ಬೆಣೆ ನೋಡಿ ಬಂದವರಿಗೆ ಇಲ್ಲಿ ತಟ್ಟನೆ ಹೊಳೆಯುತ್ತದೆ. ಅದೇ ಚೆಂಗಾಲ್, ಅದೇ ಮೊಳೆಯಿಲ್ಲದ ಸೇರುವೆ. ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ, ಮರದ ಕೀಲಿಗೆ ಆ ಕಾಟವಿಲ್ಲ.

ಈ ದೊಡ್ಡ ದೋಣಿಗಳು ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಕಡೆಯಿಂದ ಉಪ್ಪು ತರುತ್ತಿದ್ದವು. ಉಪ್ಪು ಯಾಕೆ? ಮೀನು ಒಣಗಿಸಲು, ಬುಡು ಮಾಡಲು. ಸಣ್ಣ ಮೀನಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ರಸವೇ ಬುಡು, ಪೂರ್ವ ಕರಾವಳಿಯ ಊಟದಲ್ಲಿ ಅದು ಇರಲೇಬೇಕು. ಸಮುದ್ರ ಮುಚ್ಚಿದ ತಿಂಗಳುಗಳಲ್ಲಿ ಅನ್ನಕ್ಕೆ ನೆಂಚಿಕೊಳ್ಳಲು ಅದೇ ಆಸರೆ. ಹೀಗೆ ದೋಣಿ ಅಡುಗೆಮನೆಯೊಳಗೂ ಬರುತ್ತದೆ.

ಮೀನು ಹಿಡಿಯುವ ಸಾಧನಗಳ ವಿಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಬುಬು ಅಂದರೆ ಬಿದಿರು, ಬೆತ್ತದ ಪಂಜರ. ಮಲೆನಾಡಿನಲ್ಲಿ ಕೂಳಿ ನೋಡಿದವರಿಗೆ ವಿವರಿಸುವುದೇ ಬೇಡ, ಉಪಾಯ ಅದೇ. ಬಾಯಿ ಅಗಲ, ಒಳಗೆ ಹೋಗುತ್ತಾ ಕಿರಿದು, ಒಳಮುಖವಾಗಿ ಚಾಚಿದ ಚೂಪು ಕಡ್ಡಿಗಳು. ಒಳಗೆ ನುಗ್ಗುವಾಗ ಕಡ್ಡಿ ಬಾಗಿ ದಾರಿ ಬಿಡುತ್ತದೆ, ಹೊರಗೆ ಬರುವಾಗ ಮುಖಕ್ಕೆ ಚುಚ್ಚುತ್ತದೆ. ಸೆರ್ಕಾಪ್ ಅನ್ನುವುದು ತಳವಿಲ್ಲದ ಬುಟ್ಟಿ. ಗದ್ದೆಯ ಆಳವಿಲ್ಲದ ನೀರಲ್ಲಿ ಮೀನು ಕದಲಿದ ಕಡೆ ಟಪ್ಪನೆ ಒತ್ತಿ, ಮೇಲಿನ ಕಂಡಿಯಿಂದ ಕೈ ಹಾಕಿ ಹಿಡಿಯುವುದು. ಕೆಲೋಂಗ್ ಅನ್ನುವುದಂತೂ ಸಮುದ್ರದಲ್ಲೇ ಕಟ್ಟುವ ಬೇಲಿ. ಉಪ್ಪುನೀರಿಗೆ ಜಗ್ಗದ ನಿಬೋಂಗ್ ತಾಳೆಯ ಕಂಬಗಳನ್ನು ಸಾಲಾಗಿ ನೆಡುತ್ತಾರೆ. ಬೇಲಿಗೆ ಎದುರಾದ ಮೀನು ಆಳದ ಕಡೆ ತಿರುಗುತ್ತದೆ. ಆ ಅಭ್ಯಾಸ ಗೊತ್ತಿರುವುದರಿಂದಲೇ ಬೇಲಿಯ ಆಳದ ತುದಿಯಲ್ಲಿ ಕೋಣೆ ಕಟ್ಟಿರುತ್ತಾರೆ. ಇದು ಅಲೆ ಕಡಿಮೆ ಇರುವ ಜಾಗಗಳ ಪದ್ಧತಿ.

ಆದರೆ ಆ ಕರಾವಳಿಯ ಅತಿ ದೊಡ್ಡ ಮೀನುಗಾರಿಕೆ ವಿದ್ಯೆಯನ್ನು ಯಾವ ಮ್ಯೂಸಿಯಂನಲ್ಲೂ ಗೋಡೆಗೆ ನೇತುಹಾಕಲು ಬರುವುದಿಲ್ಲ. ಅದು ಕಿವಿಯ ವಿದ್ಯೆ. ತೆರೆಂಗಾನು, ಪಕ್ಕದ ಕೆಲಂತಾನ್‌ಗಳಲ್ಲಿ ಬಲೆಯ ತಂಡಕ್ಕೆ ಜುರು ಸೆಲಾಮ್ ಅಂತ ಒಬ್ಬ ಮುಖ್ಯಸ್ಥ ಇರುತ್ತಿದ್ದ. ಸಮುದ್ರದ ತಳಕ್ಕೆ ಭಾರ ಕಟ್ಟಿ, ತೆಂಗಿನ ಗರಿಗಳನ್ನು ನೀರಲ್ಲಿ ಇಳಿಬಿಟ್ಟಿರುತ್ತಾರೆ. ಅದರ ನೆರಳಿಗೆ ಮೀನು ಸೇರುತ್ತದೆ. ಜುರು ಸೆಲಾಮ್ ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು, ತಲೆಯನ್ನು ನೀರೊಳಗೆ ಮುಳುಗಿಸಿ, ಉಸಿರು ಹಿಡಿದು ಕೇಳಿಸಿಕೊಳ್ಳುತ್ತಾನೆ. ಮೀನಿನ ಹಿಂಡು ಸದ್ದು ಮಾಡುತ್ತದೆ. ಯಾವ ಜಾತಿ, ಎಷ್ಟು ದೊಡ್ಡ ಹಿಂಡು, ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ಆ ಸದ್ದಿನಿಂದಲೇ ಅಂದಾಜು ಮಾಡಿ, ಬಲೆ ಬಿಡಲು ಕೈಸನ್ನೆ ಮಾಡುತ್ತಾನೆ. ಐದು ದೋಣಿ ಕೂಡಿ ಎತ್ತುವ ದೊಡ್ಡ ಬಲೆ ಅದು. ಅಷ್ಟೂ ಮನೆಗಳ ಅವತ್ತಿನ ಊಟ ಒಬ್ಬನ ಕಿವಿಯ ಮೇಲೆ! 1939-40ರಲ್ಲಿ ಲಂಡನ್ನಿನಿಂದ ಬಂದ ಮಾನವಶಾಸ್ತ್ರಜ್ಞ ದಂಪತಿ ಕೆಲಂತಾನಿನ ಪೆರುಪೊಕ್ ಎಂಬ ಊರಲ್ಲಿದ್ದು ಇದನ್ನು ಬರೆದಿಟ್ಟರು. ಪಾಲು ಹಂಚಿಕೆ ಹೇಗೆ, ಸಾಲ ಯಾರದು, ಮನೆಯ ದುಡ್ಡನ್ನು ಹೆಂಗಸರು ಹೇಗೆ ನೋಡಿಕೊಳ್ಳುತ್ತಾರೆ, ಎಲ್ಲವನ್ನೂ. ಅವರು ಬರೆಯದೇ ಹೋಗಿದ್ದರೆ ಇವತ್ತು ನಮಗೆ ಇಷ್ಟು ವಿವರವಾಗಿ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಎಂಜಿನ್ ಬಂತು, ನೈಲಾನ್ ಬಲೆ ಬಂತು, ಟ್ರಾಲರ್ ಬಂತು. ಎಂಜಿನ್ ಗದ್ದಲದಲ್ಲಿ ಮೀನಿನ ಸದ್ದು ಕೇಳುವುದು ಎಲ್ಲಿಂದ? ಚೆಂಗಾಲ್ ಮರ ದುಬಾರಿಯಾಯಿತು, ಫೈಬರ್ ದೋಣಿ ಅಗ್ಗವಾಯಿತು. ಡುಯೋಂಗ್‌ನ ಕುಶಲಿಗರು ಕೆಲವು ಕಾಲ ಯುರೋಪಿನ ಹಾಯಿದೋಣಿ ಪ್ರಿಯರಿಗೆ ದೋಣಿ ಕಟ್ಟಿಕೊಟ್ಟರು. ಈಗ ಅಲ್ಲಿ ಉಳಿದಿರುವುದು ದೋಣಿ ಕಟ್ಟುವ ಬೆರಳೆಣಿಕೆಯ ಕಟ್ಟೆಗಳು. ಎಂಜಿನ್ ಹಾಕಿಕೊಂಡವರನ್ನು ನಾನು ಖಂಡಿತ ದೂರುವುದಿಲ್ಲ, ಹಾಯಿ ನಂಬಿ ಹೋದವರು ಎಷ್ಟೋ ಜನ ವಾಪಸ್ ಬರಲಿಲ್ಲ. ನನ್ನ ತಕರಾರು ಮ್ಯೂಸಿಯಂಗಳನ್ನು ಕಟ್ಟುವವರ ಜೊತೆ. ವಸ್ತು ಸಂಗ್ರಹಿಸಲು ಇರುವ ಶ್ರದ್ಧೆ, ಮಾಡುವ ಕೈಗಳನ್ನು ದಾಖಲಿಸಲೂ ಇರಬೇಕು. ಒಂದು ಬುಬು ಹೆಣೆಯುವುದನ್ನು ಮೊದಲ ಸೀಳಿನಿಂದ ಕೊನೆಯ ಗಂಟಿನವರೆಗೂ ವಿಡಿಯೋ ಮಾಡಿ ಅದರ ಪಕ್ಕದಲ್ಲೇ ಓಡಿಸಲಿ. ಮಕ್ಕಳ ಕೈಗೆ ಬೆಣೆ, ಕಂಬ, ತೊಲೆಯ ಸಣ್ಣ ಮಾದರಿ ಕೊಟ್ಟು ಬಿಚ್ಚಿ ಜೋಡಿಸಲು ಬಿಡಲಿ. ಗೆಲಾಮ್ ತೊಗಟೆಯ ಒಂದು ಚೂರು ಮುಟ್ಟಿ ನೋಡಲು ಸಿಗಲಿ.

ನೀವು ಹೋಗುವುದಾದರೆ ಮಾರ್ಚ್ ಆದಮೇಲೆ ಹೋಗಿ. ಒಳಗಿನ ಗ್ಯಾಲರಿಗಳಿಗೆ ಮೊದಲೇ ನುಗ್ಗಬೇಡಿ. ಅಂಗಳದ ಮನೆಯೊಂದರ ಕೆಳಗೆ ಸ್ವಲ್ಪ ಹೊತ್ತು ನಿಂತು ಸೇರುವೆಗಳನ್ನು ನೋಡಿ, ಆಮೇಲೆ ದೋಣಿ, ಆಮೇಲೆ ಮೀನಿನ ಸಾಧನಗಳು, ಕೊನೆಗೆ ಬಟ್ಟೆ. 1303ರ ಶಾಸನದ ಕಲ್ಲೂ ಇಲ್ಲೇ ಇದೆ, ಜಾವಿ ಅನ್ನುವ, ಅರಬ್ಬಿ ಅಕ್ಷರಗಳಿಂದ ಬಂದ ಲಿಪಿಯಲ್ಲಿ ಮಲಯ್ ಭಾಷೆಯ ಬರಹ, ಅದನ್ನು ಬಿಡಬೇಡಿ. ಮಧ್ಯಾಹ್ನ ಊರೊಳಗಿನ ಪಸಾರ್ ಪಾಯಾಂಗ್ ಮಾರುಕಟ್ಟೆಗೆ ಹೋಗಿ, ಅಲ್ಲಿ ಸೊಂಗ್ಕೆಟ್ಟೂ ಸಿಗುತ್ತದೆ, ಒಣಮೀನೂ ಸಿಗುತ್ತದೆ, ಬುಡು ಬಾಟಲಿಯೂ ಸಿಗುತ್ತದೆ. ಹಾಗೇ ಡುಯೋಂಗ್‌ಗೂ ಹೋಗಿ. ಕಟ್ಟೆಯಲ್ಲಿ ಕೆಲಸ ನಡೆಯುತ್ತಿದ್ದರೆ ಒಳಗೆ ಬರಬಹುದಾ ಅಂತ ಕೇಳಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಮುಖ್ಯವಾಗಿ ಕರಾವಳಿಯಿಂದ ಬಂದವರು.