ಬೇಸರಗೊಳ್ಳದ ಪ್ರಾರ್ಥನೆ

ಕೇಳುಗ ಬಂಧುಗಳಿಗೆ ವಂದನೆಗಳು.

ಪಟ್ಟುಹಿಡಿದು ಪ್ರಾರ್ಥಿಸುವ ಮಾತು ಬಂದರೆ ಲೂಕನ ಸುವಾರ್ತೆ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯಕಥೆಯ ವಿಧವೆ ನೆನಪಾಗುತ್ತಾಳೆ. ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷ್ಯಮಾಡದ ಒಬ್ಬ ನ್ಯಾಯಾಧಿಪತಿ. ಅವನ ಬಳಿಗೆ ಅವಳು ಮತ್ತೆ ಮತ್ತೆ ಹೋದಳು. ಕಾಟ ತಾಳಲಾರದೆ ಅವನು ನ್ಯಾಯ ತೀರಿಸಿದ. ದೇವರನ್ನೂ ಹೀಗೆ ಬೇಸರಪಡಿಸಿದರೆ ಮಣಿಯುತ್ತಾನೆ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಯೇಸು ಆ ನ್ಯಾಯಾಧಿಪತಿಯನ್ನು ದೇವರಿಗೆ ಹೋಲಿಸಲಿಲ್ಲ, ಎದುರಿಗೆ ನಿಲ್ಲಿಸಿದನು. ಅಂಥವನೇ ಕೊಟ್ಟನೆಂದ ಮೇಲೆ, ಹಗಲಿರುಳು ಮೊರೆಯಿಡುವ ತನ್ನವರನ್ನು ದೇವರು ಕೈಬಿಡುವನೇ? ಅದೇ ಸುವಾರ್ತೆಯ 11ನೇ ಅಧ್ಯಾಯದಲ್ಲಿ ನಡುರಾತ್ರಿ ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳಿದ ಸ್ನೇಹಿತನ ಸಾಮ್ಯವೂ ಇದೇ ಧಾಟಿಯದು. ಅವನು ಕೇಳಿದ್ದು ತನಗಾಗಿ ಅಲ್ಲ, ಮನೆಗೆ ಬಂದ ಅತಿಥಿಗಾಗಿ. ನಾವು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಹಾಗಾದರೆ ಧೈರ್ಯ ಎಲ್ಲಿಂದ? "ಈ ವಾರ ನಾನು ಸರಿಯಾಗಿ ನಡೆದುಕೊಂಡಿಲ್ಲ, ಯಾವ ಮುಖ ಹೊತ್ತು ಕೇಳಲಿ?" ಎಂದು ಹಿಂಜರಿಯುವವನ ಧೈರ್ಯ ಅವನ ನಡತೆಯ ಮೇಲೆ ನಿಂತಿದೆ. ಅದು ದಿನಕ್ಕೊಂದು ಬಗೆ. ಇಬ್ರಿಯರಿಗೆ ಬರೆದ ಪತ್ರಿಕೆ 4ನೇ ಅಧ್ಯಾಯ, ಕೊನೆಯ ಮೂರು ವಚನಗಳನ್ನು ಒಟ್ಟಿಗೆ ಓದಿ. ನಮ್ಮ ಬಲಹೀನತೆಗಳನ್ನು ಬಲ್ಲ ಮಹಾಯಾಜಕನೊಬ್ಬನಿದ್ದಾನೆ, ಆತನೇ ಯೇಸು. ಅದಕ್ಕೇ ಕೃಪಾಸನದ ಬಳಿಗೆ ಧೈರ್ಯದಿಂದ ಬರೋಣ ಎನ್ನುತ್ತದೆ. ಪಾಪವಿದ್ದರೆ ಅಲ್ಲೇ ಅರಿಕೆಮಾಡಿ. ಯಾರ ಮೇಲಾದರೂ ಸಿಟ್ಟಿದ್ದರೆ ಕ್ಷಮಿಸಿ. ಪ್ರಾರ್ಥಿಸಲು ನಿಂತಾಗಲೇ ಕ್ಷಮಿಸಬೇಕೆಂದು ಮಾರ್ಕ 11ನೇ ಅಧ್ಯಾಯದಲ್ಲಿ ಯೇಸು ಹೇಳಿದನು. ಆ ಕೆಲಸ ಮುಗಿಯುವ ತನಕ ಬರದೆ ದೂರ ನಿಲ್ಲುವುದು ದೀನತೆಯಲ್ಲ.

ಧೈರ್ಯವೆಂದರೆ ದೇವರಿಗೆ ಅಪ್ಪಣೆ ಕೊಡುವುದೂ ಅಲ್ಲ. ಆದಿಕಾಂಡ 18ರಲ್ಲಿ ಅಬ್ರಹಾಮನನ್ನು ನೋಡಿ. ಪಾಪದ ನಿಮಿತ್ತ ದೇವರು ನಾಶಮಾಡಲಿದ್ದ ಸೊದೋಮ್ ಊರಿನಲ್ಲಿ 50 ಮಂದಿ ನೀತಿವಂತರಿದ್ದರೆ ಎಂದು ಶುರುಮಾಡಿ 45, 40, 30, 20, ಕೊನೆಗೆ 10ಕ್ಕೆ ಇಳಿಯುತ್ತಾನೆ. ಆರು ಸಲ ಕೇಳಿದ, ಆರು ಸಲವೂ ದೇವರು ಒಪ್ಪಿದನು. ಲೋಕಕ್ಕೆಲ್ಲ ನ್ಯಾಯತೀರಿಸುವವನು ನ್ಯಾಯವನ್ನೇ ನಡಿಸಬೇಕಲ್ಲವೇ ಎಂದು ವಾದಿಸಿದ ಬಾಯೇ, ನಾನು ಮಣ್ಣು, ಬೂದಿ ಎಂದೂ ಹೇಳಿತು. ವಾದದ ಆಧಾರ ದೇವರ ಸ್ವಭಾವ. ಊರು ಉಳಿಯಲಿಲ್ಲ, ನಿಜ. ಆದರೆ 19ನೇ ಅಧ್ಯಾಯದ 29ನೇ ವಚನದಲ್ಲಿ, ದೇವರು ಅಬ್ರಹಾಮನನ್ನು ನೆನಪಿಗೆ ತಂದುಕೊಂಡು, ಅಲ್ಲಿದ್ದ ಅವನ ಸೋದರನ ಮಗ ಲೋಟನನ್ನು ಪಾರುಮಾಡಿದನು ಎಂದಿದೆ. ಅಬ್ರಹಾಮ ಬಾಯಿಬಿಟ್ಟು ಲೋಟನ ಹೆಸರು ಎತ್ತಿರಲಿಲ್ಲ!

ಈಗ ರೂಢಿಯ ವಿಷಯ. ದೀರ್ಘಕಾಲ ಕೇಳಬೇಕಾದ ಬಿನ್ನಹಗಳು ಎರಡು ಮೂರಕ್ಕಿಂತ ಹೆಚ್ಚು ಬೇಡ. ಇಪ್ಪತ್ತಾದರೆ ಅದು ಹಾಜರಿ ಕೂಗಿದಂತಾಗುತ್ತದೆ. ಒಂದೊಂದನ್ನೂ ಒಂದೇ ವಾಕ್ಯದಲ್ಲಿ, ಯಾರಿಗಾಗಿ, ಏನು ಎಂದು ಬರೆಯಿರಿ, ಪಕ್ಕದಲ್ಲಿ ದಿನಾಂಕ ಹಾಕಿ. "ಎಲ್ಲರನ್ನೂ ಆಶೀರ್ವದಿಸು" ಎಂದಷ್ಟೇ ಕೇಳಿದರೆ ಉತ್ತರ ಬಂದರೂ ಗುರುತು ಸಿಗದು. ಅದರ ಕೆಳಗೆ ಆಧಾರವಾದ ವಾಗ್ದಾನವೊಂದನ್ನು ಬರೆಯಿರಿ. 1 ಅರಸುಗಳು 18ರ ಮೊದಲ ವಚನದಲ್ಲೇ ಬರಗಾಲದ ನಡುವೆ ಮಳೆ ಕೊಡುತ್ತೇನೆ ಎಂದು ದೇವರು ಪ್ರವಾದಿಯಾದ ಎಲೀಯನಿಗೆ ಹೇಳಿಬಿಟ್ಟಿದ್ದನು. ಆದರೂ ಅವನು ಕರ್ಮೆಲ್ ಬೆಟ್ಟದ ತುದಿಯಲ್ಲಿ ಬಾಗಿ, ಮಳೆಯ ಗುರುತಿಗಾಗಿ ನೋಡಿ ಏನೂ ಕಾಣದೆ ಮರಳಿದ ಸೇವಕನನ್ನು ಏಳನೆಯ ಸಲದ ತನಕ ಕಳಿಸುತ್ತಲೇ ಇದ್ದ. ವಾಗ್ದಾನ ಸಿಗದ ವಿಷಯವಾದರೆ, ಕೇಳಬಾರದೆಂದಲ್ಲ. "ನಿನ್ನ ಚಿತ್ತವಿದ್ದರೆ" ಎಂದು ಸೇರಿಸಿ ಕೇಳಿ.

ದಿನಕ್ಕೆ ಹತ್ತು ನಿಮಿಷ, ಗೊತ್ತಾದ ಹೊತ್ತಿನಲ್ಲಿ; ಅಷ್ಟು ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಕೂರುತ್ತೇನೆ ಎಂದು ಹೊರಟವರು ಮೂರನೆಯ ವಾರಕ್ಕೆ ನಿಲ್ಲಿಸಿಬಿಡುವುದೇ ಹೆಚ್ಚು.

ಅದೇ ಮಾತು ದಿನವೂ ಹೇಳಿದರೆ ಮತ್ತಾಯ 6ರಲ್ಲಿ ಯೇಸು ಬೇಡವೆಂದ ಸುಮ್ಮಸುಮ್ಮನೆ ಮಾತಾಡುವಿಕೆ ಆಗದೇ? ಬಂಧನಕ್ಕೊಳಗಾದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಆತನೇ ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನು. ಆತನು ಬೇಡವೆಂದದ್ದು ಮಾತು ಹೆಚ್ಚಿದಷ್ಟು ದೇವರು ಕೇಳುತ್ತಾನೆಂಬ ಎಣಿಕೆಯನ್ನು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ: ಚಿಂತೆಯನ್ನೇ ಕಣ್ಣುಮುಚ್ಚಿ ಮೆಲುಕುಹಾಕಿ ಪ್ರಾರ್ಥನೆ ಎಂದುಕೊಳ್ಳುವುದು. ಎದ್ದಾಗ ಎದೆಭಾರ ಹೆಚ್ಚಾಗಿದ್ದರೆ ಅದೇ ಆಗಿರಬಹುದು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯ ಬಿನ್ನಹದ ಜೊತೆಗೇ ಕೃತಜ್ಞತಾಸ್ತುತಿಯನ್ನು ಇಟ್ಟಿದೆ. ಬಿನ್ನಹ ಹೇಳುವ ಮೊದಲು, ಈಗಾಗಲೇ ಸಿಕ್ಕಿರುವ ಒಂದನ್ನು ಹೆಸರಿಸಿ.

ಎಲ್ಲಿಯವರೆಗೆ ಕೇಳುವುದು? ಉತ್ತರ ಬರುವವರೆಗೆ. "ಇಲ್ಲ" ಎಂಬುದೂ ಉತ್ತರವೇ. ಶರೀರದಲ್ಲಿ ನಾಟಿದ ಶೂಲ ತೊಲಗಲೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂದ ಮೇಲೆ ನಾಲ್ಕನೆಯ ಸಲ ಬೇಡಿದ ಸುದ್ದಿ ಇಲ್ಲ. ಆದರೆ ಪೌಲನಿಗೆ ಬಂದದ್ದು ಮಾತು. ಬರಿಯ ತಡವನ್ನು ನಿರಾಕರಣೆ ಎಂದುಕೊಂಡು ಬಿನ್ನಹಕ್ಕೆ ಗೀಟು ಎಳೆಯಬೇಡಿ. ವಾಕ್ಯವಾಗಲಿ, ಘಟನೆಯಾಗಲಿ ಸ್ಪಷ್ಟವಾಗಿ ಬಾಗಿಲು ಮುಚ್ಚಿದಾಗ ಆ ದಿನಾಂಕ ಬರೆಯಿರಿ, ಬೇಕಾದ ಕೃಪೆಯನ್ನು ಕೇಳಿ, ಮುಂದಿನ ಬಿನ್ನಹಕ್ಕೆ ಹೋಗಿ.

ನಮಸ್ಕಾರ.