ಎಡಬದಿಯ ಬೆಂಚುಗಳು

ಕೇಳುಗರೆ, ನಮಸ್ಕಾರ.

1937ರ ಅಕ್ಟೋಬರ್, ಪೋಲೆಂಡಿನ ವಾರ್ಸಾ. ಕಾಲೇಜಿನಲ್ಲಿ ಪಾಠ ನಡೆದಿದೆ. ಬೆಂಚು ಖಾಲಿ ಇದ್ದರೂ ಕೆಲವು ವಿದ್ಯಾರ್ಥಿಗಳು ನಿಂತೇ ಬರೆದುಕೊಳ್ಳುತ್ತಿದ್ದಾರೆ. ಅವರು ಯಹೂದಿಗಳು. ಎಡಬದಿಯ ಬೆಂಚುಗಳಲ್ಲಿ ಮಾತ್ರ ಕೂರಬೇಕೆಂದು ಅವರಿಗೆ ಅಪ್ಪಣೆಯಾಗಿದೆ. ಅಲ್ಲಿ ಕೂರುವುದಕ್ಕಿಂತ ನಿಲ್ಲುವುದೇ ಮೇಲು ಎಂದು ನಿಂತಿದ್ದಾರೆ. ಅವರ ಜೊತೆ ತಾವೂ ಕೂರದೆ ಉಳಿದ ಪ್ರಾಧ್ಯಾಪಕರು ಬೆರಳೆಣಿಕೆಯಷ್ಟು. ತತ್ತ್ವಶಾಸ್ತ್ರದ ತದೇವುಷ್ ಕೊತಾರ್ಬಿನ್‌ಸ್ಕಿ ಅವರಲ್ಲೊಬ್ಬರು.

ಯಹೂದಿ ದ್ವೇಷ ಎಂದೊಡನೆ ಹಿಟ್ಲರನ ಹೆಸರು ನಾಲಿಗೆಗೆ ಬರುತ್ತದೆ. ಆದರೆ ಅವನು ಮ್ಯೂನಿಕ್ಕಿನ ಬಿಯರ್ ಅಂಗಡಿಗಳಲ್ಲಿ ಭಾಷಣ ಬಿಗಿಯುತ್ತಿದ್ದ ಕಾಲಕ್ಕೇ ಹಂಗೇರಿಯ ಸಂಸತ್ತು ಆ ದ್ವೇಷಕ್ಕೆ ಕಾನೂನಿನ ಅಂಗಿ ತೊಡಿಸಿಯಾಗಿತ್ತು.

ಹಂಗೇರಿಯ ಸ್ಥಿತಿ ಆಗ ಹೇಗಿತ್ತು? ಮೊದಲ ಮಹಾಯುದ್ಧ ಸೋತಿತ್ತು. 1919ರಲ್ಲಿ ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ 133 ದಿನ ಆಳಿ ಬಿದ್ದುಹೋಗಿತ್ತು. 1920ರ ಜೂನಿನ ಟ್ರಯಾನನ್ ಒಪ್ಪಂದ ದೇಶದ ಮೂರನೇ ಎರಡು ಭಾಗ ನೆಲವನ್ನು ಕಿತ್ತುಕೊಂಡಿತು. ಕಳೆದುಹೋದ ಪ್ರಾಂತ್ಯಗಳ ಅಧಿಕಾರಿಗಳು, ಅವರ ಮಕ್ಕಳು ಬುಡಾಪೆಸ್ಟಿಗೆ ಬಂದು ತುಂಬಿದರು. ಕೆಲಸ ಕಡಿಮೆ, ಕೈ ಚಾಚುವವರು ಹೆಚ್ಚು. ಕುನ್‌ನ ಸಂಗಡಿಗರಲ್ಲಿ ಹಲವರು ಯಹೂದಿ ಮೂಲದವರು ಎಂಬ ಒಂದೇ ಎಳೆ ಹಿಡಿದು ಇಡೀ ಸಮುದಾಯದ ತಲೆಗೆ ಸೋಲಿನ ಹೊರೆ ಕಟ್ಟಲಾಯಿತು.

ಅದೇ 1920ರ ಸೆಪ್ಟೆಂಬರಿನಲ್ಲಿ, ಪಾಲ್ ಟೆಲೆಕಿ ಪ್ರಧಾನಿಯಾಗಿದ್ದಾಗ, ಕಾನೂನು ಬಂತು. ವಿಶ್ವವಿದ್ಯಾಲಯದಲ್ಲಿ ಪ್ರತಿ ಜನಾಂಗಕ್ಕೂ ಅದರ ಜನಸಂಖ್ಯೆಯಷ್ಟೇ ಪಾಲು. ಕೇಳಲು ನ್ಯಾಯದಂತಿದೆ, ಅಲ್ಲವೇ? ಅದರಲ್ಲಿ ಯಹೂದಿ ಎಂಬ ಪದವೇ ಇರಲಿಲ್ಲ. ಅದನ್ನು ಜಾರಿಗೆ ತಂದ ಆದೇಶ ಮಾತ್ರ ಯಹೂದಿಗಳನ್ನು ಬೇರೆಯದೇ ಜನಾಂಗವೆಂದು ಎಣಿಸಿತು. ಜನಸಂಖ್ಯೆಯಲ್ಲಿ ಅವರು ಸುಮಾರು 6 ಶೇಕಡಾ. ನಮ್ಮಲ್ಲಿ ಕೆಲವರಿಗೆ ಮೀಸಲಾತಿ ನೆನಪಾದೀತು. ಹೋಲಿಕೆ ತಪ್ಪು. ಮೀಸಲಾತಿ ಹೊರಗುಳಿದವರಿಗೆ ಬಾಗಿಲು ತೆರೆಯುತ್ತದೆ. ಇದು ಒಳಗಿದ್ದವರನ್ನು ಎಣಿಸಿ ಹೊರಹಾಕಲು ಹುಟ್ಟಿದ್ದು.

ಕಾನೂನಿಗೂ ಮುಂಚೆಯೇ ವಿದ್ಯಾರ್ಥಿಗಳ ಗುಂಪುಗಳು ಕಾಲೇಜು ಬಾಗಿಲಲ್ಲಿ ಯಹೂದಿಗಳನ್ನು ತಡೆದು ಹೊಡೆಯುತ್ತಿದ್ದವು. ಏಟು ತಿಂದವರಲ್ಲಿ ಲಿಯೋ ಸಿಲಾರ್ಡ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ತಾನು ಕ್ರೈಸ್ತನಾಗಿದ್ದೇನೆ ಎಂದರೂ ಬಿಡಲಿಲ್ಲ. 1919ರ ಕೊನೆಗೆ ಅವನು ಬರ್ಲಿನ್ನಿಗೆ ಹೊರಟ. ಮುಂದೆ ಪರಮಾಣು ಸರಪಳಿ ಕ್ರಿಯೆಯ ಕಲ್ಪನೆ ಹೊಳೆದದ್ದು ಇವನಿಗೇ.

ದೂರು ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದವರೆಗೆ ಹೋಯಿತು. ವಿಚಿತ್ರವೆಂದರೆ, ಹೊರಗಿನವರ ನೆರವು ಬೇಡ ಎಂದವರು ಹಂಗೇರಿಯ ಯಹೂದಿ ಮುಖಂಡರೇ. ರಕ್ಷಣೆ ಸಿಗುವುದಿದ್ದರೆ ಇಡೀ ದೇಶ ಶಪಿಸುತ್ತಿದ್ದ ಆ ಟ್ರಯಾನನ್ ಒಪ್ಪಂದದ ಆಧಾರದ ಮೇಲೇ ಸಿಗಬೇಕಿತ್ತು. ಅದನ್ನು ಹಿಡಿದು ನ್ಯಾಯ ಕೇಳಿದರೆ ದೇಶದ್ರೋಹಿಗಳೆಂದು ಕರೆಸಿಕೊಳ್ಳಬೇಕು. ಈ ಇಕ್ಕಟ್ಟು ನನ್ನನ್ನು ಕಾಡುತ್ತದೆ. 1928ರಲ್ಲಿ ಜನಾಂಗದ ಮಾತು ಕೈಬಿಟ್ಟು ತಂದೆಯ ವೃತ್ತಿಯನ್ನು ಅಳತೆಗೋಲು ಮಾಡಿದರು. ವ್ಯಾಪಾರಿಯ ಮಗನಿಗೆ ಬಾಗಿಲು ಕಿರಿದಾಗಿಯೇ ಉಳಿಯಿತು.

ಪೋಲೆಂಡಿನಲ್ಲಿ ಇಂಥ ಕಾನೂನು ಇರಲಿಲ್ಲ, ಬೆಂಚುಗಳಿದ್ದವು. ವಾರ್ಸಾದಲ್ಲಿ ಯಹೂದಿ ವಿದ್ಯಾರ್ಥಿಯ ಅಂಕಪುಸ್ತಕದ ಮೇಲೆ ‘ಬೆಸ ಸಂಖ್ಯೆಯ ಬೆಂಚುಗಳಲ್ಲಿ ಸ್ಥಳ’ ಎಂಬ ಮೊಹರು ಬೀಳುತ್ತಿತ್ತು. ಲ್ವೂಫ್ ನಗರದ ವಿಶ್ವವಿದ್ಯಾಲಯದ ಮುಖ್ಯಸ್ಥ, ಸಸ್ಯವಿಜ್ಞಾನಿ ಸ್ತಾನಿಸ್ಲಾವ್ ಕುಲ್ಚಿನ್‌ಸ್ಕಿ, ಬೆಂಚು ಬೇರ್ಪಡಿಸುವ ಆದೇಶಕ್ಕೆ ಸಹಿ ಹಾಕಲಾರೆ ಎಂದು 1938ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಅವರು ಹೋದ ಮೇಲೆ ಯಾರು ಎಲ್ಲಿ ಕೂರಬೇಕೆಂಬ ಚೀಟಿಗಳು ಬೆಂಚುಗಳ ಮೇಲೆ ಅಂಟಿಕೊಂಡವು.

ನಮಸ್ಕಾರ.